ಅಡಕತ್ತರಿಯಲ್ಲಿ ಕತ್ತರಿಸಿದ ಮಾತ್ರೆ

ಸಂಚಿಯ ಮೂರನೆಯ ಅರೆಯಲ್ಲಿ ಅರ್ಧ ಮಾತ್ರೆ ಇತ್ತು. ಕತ್ತರಿಸಿದ ಅಂಚು ನೇರವಾಗಿತ್ತು. ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ. ಬೆರಳಿನಿಂದ ಮುರಿದರೆ ಮಾತ್ರೆ ಹಾಗೆ ಸಮವಾಗಿ ಎರಡಾಗುವುದಿಲ್ಲ, ಪುಡಿ ಉದುರುತ್ತದೆ. ನಮ್ಮ ಮನೆಯ ಚಾಕುವಿನಲ್ಲಿ ಕಂದು ಬಣ್ಣ ಇರುವುದಿಲ್ಲ. ಮೂಗಿನ ಹತ್ತಿರ ಹಿಡಿದು ನೋಡಿದೆ. ಅಡಿಕೆಯ ವಾಸನೆ ಬಂತು. ಅಜ್ಜಿಯ ಅಡಕತ್ತರಿಯಲ್ಲಿ ಕತ್ತರಿಸಿದ ಮಾತ್ರೆ ಅದು.

ಅದು ಅಜ್ಜಿಯ ಬಿ.ಪಿ. ಮಾತ್ರೆ. ಐದು ಮಿಲಿಗ್ರಾಮಿನದು, ದಿನಕ್ಕೊಂದು, ಇಡಿಯಾಗಿ ನುಂಗಬೇಕಾದದ್ದು.

ಕೊಂಡ್ಲಹಳ್ಳಿಯ ನಮ್ಮ ಮನೆಯಲ್ಲಿ ನಾವು ಮೂವರು. ಅಜ್ಜಿ, ಅಂದರೆ ಅವ್ವನ ಅವ್ವ, ಅಪ್ಪ ತೀರಿಕೊಂಡ ಮೇಲೆ ತವರಿಗೆ ಬಂದು ಹೊಲ ನೋಡಿಕೊಳ್ಳುತ್ತಿರುವ ಅವ್ವ, ಮತ್ತು ನಾನು. ನಾನು ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ. ಮನೆಯ ಔಷಧಿಗಳೆಲ್ಲ ನನ್ನ ಜವಾಬ್ದಾರಿ. ಯಾರೂ ಒಪ್ಪಿಸಿದ್ದಲ್ಲ. ಓದಿದವಳು ಮನೆಯಲ್ಲಿದ್ದರೆ ಚೀಟಿ ಅವಳ ಕೈಗೆ ಬಂದೇ ಬರುತ್ತದೆ.

ಮಾತ್ರೆಗಳನ್ನು ಸಂಚಿಯಲ್ಲಿ ಇಡುವ ಯೋಚನೆಯೂ ನನ್ನದೇ. ಅಜ್ಜಿ ಎಲೆ ಅಡಿಕೆ ಬಿಟ್ಟು ಎರಡು ವರ್ಷವಾಗಿತ್ತು. ಬಾಯಿಯ ಒಳಗೆ ಹುಣ್ಣಾಗಿ, ಡಾಕ್ಟರು ಹೆದರಿಸಿದ ಮೇಲೆ ಬಿಟ್ಟದ್ದು. ಆದರೆ ಸಂಚಿಯನ್ನು ಸೊಂಟದಿಂದ ಬಿಟ್ಟಿರಲಿಲ್ಲ. ಕೆಂಪು ಬಟ್ಟೆಯ, ನಾಲ್ಕು ಅರೆಗಳ, ದಾರ ಎಳೆದರೆ ಮುಚ್ಚಿಕೊಳ್ಳುವ ಸಂಚಿ. ಖಾಲಿ ಸಂಚಿಯನ್ನು ದಿನಕ್ಕೆ ಹತ್ತು ಸಲ ಬಿಚ್ಚಿ, ಒಳಗೆ ಕೈ ಆಡಿಸಿ, ಮತ್ತೆ ಕಟ್ಟಿ ಸಿಕ್ಕಿಸಿಕೊಳ್ಳುತ್ತಿದ್ದಳು. ಮಾತ್ರೆಯನ್ನು ಮಾತ್ರ ಮರೆಯುತ್ತಿದ್ದಳು. ಆಗ ನನಗೆ ಹೊಳೆಯಿತು. ಎಲೆಯ ಅರೆಯಲ್ಲಿ ಮೂಳೆಯ ಮಾತ್ರೆ, ಅಡಿಕೆಯ ಅರೆಯಲ್ಲಿ ಗ್ಯಾಸಿನ ಮಾತ್ರೆ, ಹೊಗೆಸೊಪ್ಪಿನ ಅರೆಯಲ್ಲಿ ಬಿ.ಪಿ.ಯದು. ನಾಲ್ಕನೆಯದರಲ್ಲಿ ಸುಣ್ಣದ ಡಬ್ಬಿಯೂ ಅಡಕತ್ತರಿಯೂ ಹಾಗೇ ಇರಲಿ, ಭಾರಕ್ಕೆ. ಓದು ಬಾರದ ಅಜ್ಜಿಗೆ ಬಣ್ಣ, ಹೆಸರು ಯಾವುದನ್ನೂ ಕಲಿಸಬೇಕಾಗಲಿಲ್ಲ. ಕೈಗೆ ಅರೆಗಳು ಗೊತ್ತಿದ್ದವು. ಭಾನುವಾರ ಏಳೇಳು ಮಾತ್ರೆ ತುಂಬುತ್ತಿದ್ದೆ, ಮುಂದಿನ ಭಾನುವಾರಕ್ಕೆ ಎಲ್ಲ ಖಾಲಿಯಾಗಿರುತ್ತಿತ್ತು. ಎರಡು ವರ್ಷ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಕಾಲೇಜಿನಲ್ಲಿ ಜೊತೆಯವರಿಗೆ ಇದನ್ನು ಹೇಳಿದ್ದೆ ಕೂಡ. ಸ್ವಂತದ ವಿಷಯ ಹೇಳಿಕೊಳ್ಳುವವಳಲ್ಲ ನಾನು, ಆದರೂ ಹೇಳಿದ್ದೆ.

ಆ ಅರ್ಧ ಮಾತ್ರೆ ಸಿಕ್ಕಿದ್ದು ಭಾನುವಾರ. ಹಿಂದಿನ ದಿನ ಅಜ್ಜಿಯನ್ನು ಚಳ್ಳಕೆರೆಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ ಒಬ್ಬ ಡಾಕ್ಟರು ಇದ್ದಾರೆ. ಮೂರು ತಿಂಗಳಿಂದ ಅಜ್ಜಿಯ ಬಿ.ಪಿ. ನೂರ ಎಂಬತ್ತರಿಂದ ಕೆಳಗೆ ಇಳಿದಿರಲಿಲ್ಲ. ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತ, ಐದರ ಬದಲು ಹತ್ತು ಮಿಲಿಗ್ರಾಂ ಬರೆಯುತ್ತೇನೆ, ಈ ವಯಸ್ಸಿಗೆ ಏರಿಸಬೇಕಾಗುತ್ತದೆ ಎಂದರು. ಪೆನ್ನು ಕಾಗದದ ಮೇಲೆ ಇಟ್ಟಾಗಿತ್ತು.

ನಾನು ಬೇಡ ಎಂದೆ. ಮೊದಲು ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ ನೋಡುತ್ತೇನೆ, ಒಂದು ತಿಂಗಳು ಸಮಯ ಕೊಡಿ ಎಂದೆ. ಅವರು ಪೆನ್ನು ಎತ್ತಿ ನನ್ನ ಮುಖ ನೋಡಿದರು.

“ನಿಮ್ಮಂಥೋರು ಮನೆಗೊಬ್ರು ಇದ್ದಿದ್ರೆ ನಮ್ಮ ಅರ್ಧ ಕೆಲಸ ತಪ್ಪೋದು ನೋಡ್ರಿ,” ಎಂದರು.

ಆ ಮಾತನ್ನು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಈಗಲೂ ಇದೆ.

ಅರ್ಧ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಜಗುಲಿಗೆ ಹೋದೆ. ಅಜ್ಜಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಇದು ಯಾರದು ಎಂದು ಕೇಳಿದೆ.

“ಅವಳ್ದು,” ಎಂದಳು.

“ಯಾರದು?”

“ಬರ್ತಾಳಲ್ಲ ದಿನಾ, ಅವಳ್ದು. ನಿನ್ನೆ ನಾನು ಚಳ್ಳಕೆರೆಗೆ ಬಂದಿದ್ನಲ್ಲ, ಕೊಡಾಕಾಗ್ಲಿಲ್ಲ. ಅಲ್ಲೇ ಇಡು.”

ಅವಳು ಎಂದರೆ ಹಟ್ಟಿಯ ಅಜ್ಜಿ. ಊರಿನ ಅಂಚಿನಲ್ಲಿ ಕುರಿ ಸಾಕುವವರ ಹಟ್ಟಿ ಇದೆ, ಅಲ್ಲಿಂದ ಬರುವವಳು. ನನ್ನ ಅಜ್ಜಿಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಇಬ್ಬರ ಆಧಾರ್ ಕಾರ್ಡಿನಲ್ಲೂ ಹುಟ್ಟಿದ ದಿನ ಜನವರಿ ಒಂದು. ನಮ್ಮೂರಿನ ಮುದುಕಿಯರೆಲ್ಲ ಆ ದಿನವೇ ಹುಟ್ಟಿದವರು. ಇಬ್ಬರೂ ಹೊಸದಾಗಿ ಮದುವೆಯಾಗಿ ಊರಿಗೆ ಬಂದಾಗ ಒಂದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರಂತೆ. ಆ ಮೇಲೆ ನಮ್ಮ ಮನೆಗೆ ಸ್ವಲ್ಪ ಹೊಲ ಆಯಿತು, ಅವರ ಮನೆಗೆ ಕುರಿ ಹೆಚ್ಚಿತು, ಆದರೆ ಬಿತ್ತನೆಯ ಶೇಂಗಾ ಮಾತ್ರ ಇಬ್ಬರೂ ಎದುರುಬದುರು ಕೂತೇ ಸುಲಿದರು. ಹಟ್ಟಿಯ ಅಜ್ಜಿಯ ಮನೆಮಾತು ತೆಲುಗು. ನನ್ನ ಅಜ್ಜಿಯನ್ನು ‘ಅಕ್ಕಾ’ ಎನ್ನುತ್ತಿದ್ದಳು; ನನಗೆ ಇಪ್ಪತ್ತೇಳಾದರೂ ಹುಡುಗಿಯರನ್ನು ಕರೆಯುವ ಹಾಗೆ ‘ಪಾಪಾ’ ಎನ್ನುತ್ತಿದ್ದಳು. ಬೆಳಿಗ್ಗೆ ಕುರಿಗಳು ಮೇಯಲು ಹೋದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಬಂದು ಜಗುಲಿಯಲ್ಲಿ ಕೂರುವುದು ಅವಳ ರೂಢಿ. ಆ ಹೊತ್ತಿಗೆ ನಾನು ಚಳ್ಳಕೆರೆಯಲ್ಲಿ ಇರುತ್ತಿದ್ದೆ. ಭಾನುವಾರ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುತ್ತಿದ್ದೆ.

ಎರಡೂವರೆ ವರ್ಷದ ಹಿಂದೆ ಊರಿನಲ್ಲಿ ಯಾರೋ ತಪಾಸಣೆಯ ಕ್ಯಾಂಪ್ ನಡೆಸಿದಾಗ ಅವಳಿಗೂ ಬಿ.ಪಿ. ಇದೆ ಎಂದು ಗೊತ್ತಾಗಿತ್ತು. ಒಂದು ತಿಂಗಳ ಮಾತ್ರೆ ಕೊಟ್ಟು, ಮುಗಿದ ಮೇಲೆ ಆಸ್ಪತ್ರೆಗೆ ಬಾ ಎಂದಿದ್ದರು. ಮುಗಿಯುವ ಹೊತ್ತಿಗೆ ಅವಳ ಮನೆಯವರು ಮಂದೆಯ ಜೊತೆ ಆಂಧ್ರದ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ರಾತ್ರಿ ಕುರಿ ತರುಬಿ ನಿಲ್ಲಿಸಲು ಹೋಗಿದ್ದರು. ಅವಳೂ ಹೋಗಿದ್ದಳು. ತಿರುಗಿ ಬಂದಾಗ ಮಾತ್ರೆ ಮುಗಿದು ಮೂರು ತಿಂಗಳಾಗಿತ್ತು. ಜಗುಲಿಯಲ್ಲಿ ತಲೆ ಹಿಡಿದುಕೊಂಡು ಕೂತವಳ ಎದುರಿಗೆ ನನ್ನ ಅಜ್ಜಿ ಸಂಚಿ ಬಿಚ್ಚಿದಳು.

ಸಂಚಿಗೆ ಒಂದು ನಿಯಮವಿದೆ. ಎದುರಿಗೆ ಒಬ್ಬರು ಕೂತಿರುವಾಗ ಅದನ್ನು ಬಿಚ್ಚಿದರೆ ಕೊಡದೆ ತಾನು ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಜಗಳವಾಡಿ ಬಂದವರಿಗೂ ಕೊಡಬೇಕು. ಒಂದೇ ಅಡಿಕೆ ಉಳಿದಿದ್ದರೆ ಕತ್ತರಿಸಿ ಕೊಡಬೇಕು. ಇದು ಹುಟ್ಟಿದಾಗಿನಿಂದ ನಾನು ನೋಡಿದ್ದು, ಹೊಸದಾಗಿ ಕಲಿಯಬೇಕಾದದ್ದಲ್ಲ. ಆದರೂ ಆ ಅರೆಗಳಲ್ಲಿ ಮಾತ್ರೆ ತುಂಬುವಾಗ ನನಗೆ ಅದು ನೆನಪಾಗಲಿಲ್ಲ. ಅಜ್ಜಿ ದಿನಕ್ಕೊಂದು ಮಾತ್ರೆ ತೆಗೆದು, ಅಡಕತ್ತರಿಯಲ್ಲಿ ಸಮನಾಗಿ ಎರಡು ಮಾಡಿ, ಒಂದನ್ನು ತಾನು ನುಂಗಿ ಇನ್ನೊಂದನ್ನು ಎದುರಿಗಿದ್ದವಳಿಗೆ ಕೊಡುತ್ತಿದ್ದಳು. ವಾರಕ್ಕೆ ಏಳು ಖರ್ಚಾಗುತ್ತಿದ್ದವು. ನನ್ನ ಲೆಕ್ಕ ತಪ್ಪದೆ ಇದ್ದದ್ದು ಹೀಗೆ.

ಅರ್ಧ ಮಾತ್ರೆಯಿಂದ ಇಬ್ಬರಿಗೂ ಉಪಯೋಗವಿಲ್ಲ ಎಂದು ಬಿಡಿಸಿ ಹೇಳಿದೆ. ಅವಳಿಗೆ ಎಷ್ಟು ಬಿ.ಪಿ. ಎಂದು ನೋಡದೆ ಕೊಡುವುದು ಅಪಾಯ, ಇಬ್ಬರಿಗೂ ಲಕ್ವ ಹೊಡೆಯಬಹುದು ಎಂದೆ. ಅಜ್ಜಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಎರಡು ವರ್ಷ ಹೊಡೀಲಿಲ್ಲಲ್ಲ,” ಎಂದಳು. ಇನ್ನೊಂದು ಹಿಡಿ ಶೇಂಗಾ ಎಳೆದುಕೊಂಡು, “ಅವಳು ಎದುರಿಗೆ ಕೂತಿರ್ತಾಳೆ. ಒಬ್ಳೇ ಬಾಯಿಗೆ ಹಾಕ್ಕಣಾಕೆ ನಾನೇನು ನಾಯೇ?”

ಅದೇ ದಿನ ಮಾತ್ರೆಗಳನ್ನೆಲ್ಲ ಸಂಚಿಯಿಂದ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿ, ಅಜ್ಜಿಯ ಕೈಗೆ ಎಟುಕದ ಗೂಡಿನಲ್ಲಿ ಇಟ್ಟೆ. ನಾಳೆಯಿಂದ ಬಸ್ಸಿಗೆ ಹೋಗುವ ಮೊದಲು ನಾನೇ ಕೈಯಲ್ಲಿ ಕೊಟ್ಟು ನುಂಗಿಸಿ ಹೋಗುತ್ತೇನೆ ಎಂದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಹತ್ತು ಗಂಟೆಗೆ ಹಟ್ಟಿಯ ಅಜ್ಜಿ ಬಂದಳು. ಅವಳಿಗೂ ಹೇಳಿದೆ. ಒರಟಾಗಿ ಹೇಳಲಿಲ್ಲ. ರಾಂಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿಕೊಳ್ಳಬೇಕು, ಬುಧವಾರ ಹೋದರೆ ಒಳ್ಳೆಯದು, ಹನ್ನೊಂದರ ಒಳಗೆ ಹೋಗಬೇಕು, ಆಧಾರ್ ಕಾರ್ಡು ಒಯ್ಯಬೇಕು, ತಿಂಗಳಿಗಾಗುವಷ್ಟು ಮಾತ್ರೆ ಅಲ್ಲೇ ಕೊಡುತ್ತಾರೆ, ಅರ್ಧ ಮಾಡಿ ನುಂಗಬಾರದು. ಇಷ್ಟನ್ನೂ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ, ಮಗನ ಕೈಯಲ್ಲಿ ಓದಿಸಿಕೋ ಎಂದೆ. ಮಗನಿಗೆ ಐವತ್ತು ದಾಟಿದೆ. ಅವನಿಗೂ ಓದು ಬರುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು.

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಸಂಚಿಗೆ ಸೇರಿಸಿದಳು. ಅವಳಿನ್ನೂ ಎಲೆ ಅಡಿಕೆ ಬಿಟ್ಟಿರಲಿಲ್ಲ.

“ಆಯ್ತು ಪಾಪಾ. ನಿಮ್ಮಜ್ಜಿ ನೂರು ವರ್ಷ ಇರ್ಲಿ. ನಾನು ಮುಂದೆ ಹೋಗಿ, ಬಸ್ಸಿನಾಗೆ ಟವೆಲ್ ಹಾಕ್ದಂಗೆ ಒಂದು ಜಾಗ ಹಿಡ್ದಿರ್ತೀನಿ,” ಎಂದಳು.

“ಕಿಟಕಿ ಪಕ್ಕ ಹಿಡಿ. ಒಳಗಾದ್ರೆ ನಂಗೆ ವಾಂತಿ,” ಎಂದಳು ನನ್ನ ಅಜ್ಜಿ.

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಮುಖ್ಯವಾದ ವಿಷಯವನ್ನು ತಮಾಷೆ ಮಾಡುತ್ತಾರಲ್ಲ ಎಂದುಕೊಂಡೆ.

ಸಾವಿನ ಬಗ್ಗೆ ಅವರು ಹಾಗೆಯೇ ಮಾತಾಡುತ್ತಿದ್ದರು. ಅಜ್ಜಿಯ ಅವ್ವ ಸತ್ತಾಗ ಅವಳ ಬಾಯಲ್ಲಿ ಹಲ್ಲೆಲ್ಲ ಇದ್ದವಂತೆ. ಮೂರು ದಿನ ಜ್ವರ, ನಾಲ್ಕನೆಯ ದಿನ ಇಲ್ಲ. ಯಾವ ಜ್ವರ ಎಂದು ಯಾರೂ ಕೇಳಲಿಲ್ಲ. ತಲೆ ಅಲ್ಲೊಂದು ಇಲ್ಲೊಂದು ಬೆಳ್ಳಗಾಗಿದ್ದ ಅವಳನ್ನು ಎಲ್ಲರೂ ಮುದುಕಿ ಎನ್ನುತ್ತಿದ್ದರು. ಈಗ ಲೆಕ್ಕ ಹಾಕಿದರೆ ನನ್ನ ಅವ್ವನಿಗಿಂತ ಚಿಕ್ಕವಳು. ಈಗ ನಮ್ಮ ಬೀದಿಯೊಂದರಲ್ಲೇ ಎಂಬತ್ತು ದಾಟಿದವರು ಐದಾರು ಜನ ಇದ್ದಾರೆ. ಯಮ ನಮ್ಮೂರ ದಾರಿ ಮರೆತಿದ್ದಾನೆ ಎನ್ನುತ್ತಾಳೆ ಅಜ್ಜಿ. ಮರೆತಿಲ್ಲ. ಪ್ರತಿ ಮನೆಯಲ್ಲೂ ಯಾರೋ ಒಬ್ಬರು ತಿಂಗಳಿಗೊಮ್ಮೆ ಚಳ್ಳಕೆರೆಗೋ ರಾಂಪುರಕ್ಕೋ ಹೋಗಿ, ಇನ್ನೊಂದು ತಿಂಗಳು ತಡೆದು ಬರುತ್ತಾರೆ. ಮುದುಕಿಯರು ಜಗುಲಿಯಲ್ಲಿ ಕೂತು ತಮ್ಮ ತಮ್ಮ ಬಿ.ಪಿ. ಹೇಳಿಕೊಳ್ಳುವುದನ್ನು ಕೇಳಬೇಕು. ‘ನಿಂದೆಷ್ಟು?’ ‘ನೂರೆಪ್ಪತ್ತು.’ ‘ಅಷ್ಟೇನಾ, ನಂದು ಇನ್ನೂರು.’ ಶೇಂಗಾ ಇಳುವರಿ ಹೇಳಿದ ಹಾಗೆ ಹೇಳುತ್ತಾರೆ, ಹೆಚ್ಚಿದ್ದವಳು ಗೆದ್ದಳು. ಆಯುಷ್ಯ ಹೆಚ್ಚಾಗಿದೆ ಎಂದು ಪತ್ರಿಕೆಯಲ್ಲಿ ಓದುವಾಗ ನನಗೆ ಈ ಜಗುಲಿ ನೆನಪಾಗುತ್ತಿತ್ತು. ಈಗ ನೆನಪಾಗುವುದು ಬೇರೆ. ಚೀಟಿ ಓದುವವಳೊಬ್ಬಳು ಇರುವ ಮನೆಯಲ್ಲಿ ಆಯುಷ್ಯ ಹೆಚ್ಚಾಗಿದೆ, ಅಷ್ಟೆ.

ಮರುದಿನದಿಂದ ಬೆಳಿಗ್ಗೆ ಆರೂವರೆಗೆ ಅಜ್ಜಿಗೆ ಮಾತ್ರೆ ಕೊಡುತ್ತಿದ್ದೆ. ಒಂದು ಲೋಟ ನೀರು, ಅಂಗೈಯಲ್ಲಿ ಇಡೀ ಮಾತ್ರೆ. ಅಜ್ಜಿ ಹಟ ಮಾಡಲಿಲ್ಲ. ಆದರೆ ನುಂಗುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು, ಯಾರಾದರೂ ನೋಡಿಯಾರು ಎಂಬ ಹಾಗೆ. ಮನೆಯಲ್ಲಿ ಇದ್ದದ್ದು ನಾನೂ ಅವ್ವನೂ ಮಾತ್ರ.

ಹಟ್ಟಿಯ ಅಜ್ಜಿ ಮೊದಲ ವಾರ ದಿನಾ ಬಂದಳಂತೆ. ಆ ಮೇಲೆ ಎರಡು ದಿನಕ್ಕೊಮ್ಮೆ. ಆ ಮೇಲೆ ಇಲ್ಲ. ಅವಳು ಬಂದು ಕೂತರೆ ನನ್ನ ಅಜ್ಜಿಯ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಸಂಚಿ ಬಿಚ್ಚುತ್ತಿತ್ತು, ಒಳಗೆ ಕೊಡಲು ಏನೂ ಇರುತ್ತಿರಲಿಲ್ಲ. ಗೆಳತಿಗೆ ಆ ಅವಮಾನ ಆಗಬಾರದು ಎಂದು ಅವಳು ಬರುವುದನ್ನೇ ಬಿಟ್ಟಳು. ಇದನ್ನೆಲ್ಲ ಅವ್ವ ನನಗೆ ಹೇಳಿದ್ದು ಬಹಳ ತಡವಾಗಿ. ಆಗ ನಾನು ಕೇಳಿದ್ದು ಒಂದೇ ಸಲ, ಹಟ್ಟಿಯ ಅಜ್ಜಿ ಆಸ್ಪತ್ರೆಗೆ ಹೋದಳಾ ಎಂದು. ಹೋಗಿರಬೇಕು ಎಂದಳು ಅವ್ವ. ಪರೀಕ್ಷೆಯ ಪತ್ರಿಕೆಗಳು ಬಂದಿದ್ದವು, ನಾನು ತಿದ್ದಲು ಕೂತೆ.

ತಿಂಗಳು ತುಂಬಿದ ಶನಿವಾರ ಅಜ್ಜಿಯನ್ನು ಮತ್ತೆ ಚಳ್ಳಕೆರೆಗೆ ಕರೆದುಕೊಂಡು ಹೋದೆ. ನೂರ ಮೂವತ್ತೆರಡು. ಡಾಕ್ಟರು ಎರಡು ಸಲ ನೋಡಿದರು. ಏನು ಮಾಡಿದಿರಿ ಎಂದು ಕೇಳಿದರು. ಮಾತ್ರೆಯನ್ನು ನಾನೇ ಕೈಯಲ್ಲಿ ಕೊಡುತ್ತಿದ್ದೇನೆ ಎಂದಷ್ಟೇ ಹೇಳಿದೆ. ಅಜ್ಜಿಯ ಕಡೆ ತಿರುಗಿ, ಮೊಮ್ಮಗಳು ಇನ್ನೂ ಹತ್ತು ವರ್ಷ ಕೊಟ್ಟಳು ನೋಡವ್ವ ಎಂದರು. ಅಜ್ಜಿ ರವಿಕೆಯ ತೋಳು ಸರಿಮಾಡಿಕೊಂಡು, “ಕೇಳಿದ್ದೆ ಅಂತ ಕೊಟ್ಟಾಳೇನ್ರಿ,” ಎಂದಳು. ಡಾಕ್ಟರು ತಮಾಷೆ ಎಂದುಕೊಂಡು ನಕ್ಕರು.

ಮುಂದಿನ ಬುಧವಾರ ಹಟ್ಟಿಯ ಅಜ್ಜಿ ಕುರಿ ರೊಪ್ಪದ ಬಾಗಿಲಲ್ಲಿ ಬಿದ್ದಳು. ಮರಿಗಳಿಗೆ ಸೊಪ್ಪು ಹಾಕಲು ಹೋದವಳು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಗೂಡ್ಸ್ ಆಟೋದಲ್ಲಿ ಕಂಬಳಿ ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋದರು, ನಾಲ್ಕನೆಯ ದಿನ ಮನೆಗೇ ಕರೆದುಕೊಂಡು ಬಂದರು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ, ಬಿ.ಪಿ.ಗೆ ಮಾತ್ರೆ ಯಾಕೆ ಕೊಟ್ಟಿಲ್ಲ ಎಂದು ಅಲ್ಲಿ ಕೇಳಿದರಂತೆ. ತನ್ನ ಅವ್ವ ಮಾತ್ರೆ ತಿನ್ನುತ್ತಿದ್ದಳು ಎಂಬುದು ಮಗನಿಗೆ ಗೊತ್ತೇ ಇರಲಿಲ್ಲ.

ನೋಡಲು ಹೋಗುವ ದಿನ ನನ್ನ ಅಜ್ಜಿ ಸೀರೆ ಬದಲಾಯಿಸಿ, ಕೋಲು ಹಿಡಿದು, ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು.

“ಒಂದು ಮಾತ್ರೆ ಕೊಡು. ತಗಂಡೋಗ್ತೀನಿ.”

ನಾನು ಮತ್ತೆ ಬಿಡಿಸಿ ಹೇಳಿದೆ. ಅವಳಿಗೆ ಈಗ ನುಂಗಲು ಬರುವುದಿಲ್ಲ, ಬಾಯಿಗೆ ಹಾಕಿದರೆ ಉಸಿರಿನ ಕೊಳವೆಗೆ ಹೋಗುತ್ತದೆ, ಅವಳಿಗೆ ಈಗ ಕೊಡುತ್ತಿರುವ ಔಷಧಿಯೇ ಬೇರೆ. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಹೇಳುವುದು ಯಾವಾಗಲೂ ಸರಿಯಾಗಿಯೇ ಇರುತ್ತದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಬರಿಗೈಯಲ್ಲಿ ಹೊರಟಳು.

ಹಟ್ಟಿಯಲ್ಲಿ ಅವಳನ್ನು ಹೊರಗಿನ ಪಡಸಾಲೆಯಲ್ಲಿ ಮಲಗಿಸಿದ್ದರು. ಎಡಗಣ್ಣು ನಮ್ಮ ಕಡೆ ತಿರುಗಿತು. ಅಜ್ಜಿ ಅವಳ ಪಕ್ಕದಲ್ಲಿ ಕೂತು, ಎಡಗೈ ಹಿಡಿದುಕೊಂಡು, ಈ ಸಲ ಬಿತ್ತನೆಯ ಶೇಂಗಾ ಕಾಳು ಸಣ್ಣದಾಗಿದೆ, ಅರ್ಧಕ್ಕರ್ಧ ಜೊಳ್ಳು ಎಂದೆಲ್ಲ ಮಾತಾಡಿದಳು. ಸಂಚಿಯನ್ನು ಬಿಚ್ಚಲಿಲ್ಲ. ನಾನು ಕಂಬದ ಹತ್ತಿರ ನಿಂತಿದ್ದೆ. ಮಗ ನನಗೆ ಸ್ಟೂಲ್ ತಂದು ಹಾಕಿದ. ಏನಾದರೂ ಹೇಳಬೇಕು ಎಂದುಕೊಂಡಿದ್ದೆ, ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

“ವಯಸ್ಸಾಗಿತ್ತು ಬಿಡ್ರವ್ವ. ಇಷ್ಟು ದಿನ ಇದ್ದಿದ್ದೇ ದೊಡ್ಡದು.”

ನಾನು ಹೂಂ ಎಂದೆ. ನಾಚಿಕೆಯ ಮಾತೆಂದರೆ, ಆ ಕ್ಷಣ ನನಗೆ ಹಗುರಾಯಿತು.

ಒಂಬತ್ತು ದಿನ ಇದ್ದು ಹೋದಳು. ಬಂದವರೆಲ್ಲ ಅದೇ ಮಾತು ಹೇಳಿದರು. ವಯಸ್ಸಾಗಿತ್ತು. ತುಂಬಿದ ಜೀವ. ನಲವತ್ತರ ಹೆಂಗಸು ಹೀಗೆ ಸತ್ತಿದ್ದರೆ ಯಾಕೆ, ಹೇಗೆ, ಯಾರ ತಪ್ಪು ಎಂದು ಊರೆಲ್ಲ ಕೇಳುತ್ತಿತ್ತು. ಎಂಬತ್ತಾದ ಮೇಲೆ ಸತ್ತರೆ ಕಾರಣ ಮೊದಲೇ ಸಿದ್ಧವಾಗಿರುತ್ತದೆ, ಯಾರೂ ಹುಡುಕುವುದಿಲ್ಲ. ನಾನು ಕಾಲೇಜಿಗೆ ಹೋಗಿ ಪಾಠ ಮಾಡಿ ಬಂದೆ. ಸಂಜೆ ಅವ್ವ ರೊಟ್ಟಿ ತಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು, ಅರ್ಧ ಮಾತ್ರೆಯ ವಿಷಯ ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು, ಮೊದಲ ದಿನದಿಂದ ಗೊತ್ತಿತ್ತು ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ,” ಎಂದಳು ಅವ್ವ. ರೊಟ್ಟಿಯನ್ನು ಹಂಚಿಗೆ ಹಾಕಿದಳು. ಜಗಳದ ದನಿಯಲ್ಲ, ಬೇಸರವೂ ಇರಲಿಲ್ಲ.

ತಿಥಿಯ ಊಟ ಮುಗಿಸಿ ಬಂದ ಮಧ್ಯಾಹ್ನ ಹಟ್ಟಿಯ ಅಜ್ಜಿಯ ಮಗ ನಮ್ಮ ಮನೆಗೆ ಬಂದ. ತನ್ನ ಅವ್ವನ ಸಂಚಿಯನ್ನು ನನ್ನ ಅಜ್ಜಿಗೆ ಕೊಡಲು ತಂದಿದ್ದ. ಅವರ ಮನೆಯಲ್ಲಿ ಎಲೆ ಹಾಕುವ ಹೆಂಗಸರು ಇನ್ನಾರೂ ಇಲ್ಲವಂತೆ. ಅದರಲ್ಲಿ ಒಂದು ಕಾಗದವಿದೆ, ಬೇಕಾದದ್ದಿದ್ದರೂ ಇರಬಹುದು ನೋಡ್ರಿ ಎಂದು ನನ್ನ ಕೈಗೆ ಕೊಟ್ಟ. ನನ್ನ ಕೈಬರಹ. ಬುಧವಾರ, ಹನ್ನೊಂದರ ಒಳಗೆ, ಆಧಾರ್ ಕಾರ್ಡು. ಮಡಿಕೆಗಳಲ್ಲಿ ಸುಣ್ಣ ಹತ್ತಿ ಕಾಗದ ಗಡುಸಾಗಿತ್ತು. ಏನು ಬರೆದಿದೆ ಎಂದು ಕೇಳಿದ. ಆಸ್ಪತ್ರೆಯ ವಿಳಾಸ ಎಂದೆ. ಸುಳ್ಳು ಅಲ್ಲ, ಪೂರ್ತಿ ನಿಜವೂ ಅಲ್ಲ. ಅವನು ತಲೆಯಾಡಿಸಿ ನೀರು ಕುಡಿದು ಹೋದ.

ಅಜ್ಜಿ ಇದನ್ನೆಲ್ಲ ಜಗುಲಿಯಿಂದ ನೋಡುತ್ತಿದ್ದಳು. ಅವನು ಹೋದ ಮೇಲೆ, ಡಬ್ಬಿ ಇಳಿಸಿ ಮಾತ್ರೆಗಳನ್ನು ಸಂಚಿಗೆ ಹಾಕು ಎಂದಳು. ಬೆಳಿಗ್ಗೆ ಕೊಟ್ಟ ಮಾತ್ರೆಯನ್ನು ಅವಳು ಅಂದು ನುಂಗಿರಲಿಲ್ಲ. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಳು. ಈಗ ಬಿಚ್ಚಿ ತೋರಿಸಿದಳು. ನಾನು ವಾದ ಮಾಡಲಿಲ್ಲ. ಡಬ್ಬಿ ಇಳಿಸಿ, ಮೊದಲಿನ ಹಾಗೆ ಮೂರು ಅರೆಗಳಿಗೂ ತುಂಬಿದೆ. ಅಜ್ಜಿ ಅಡಕತ್ತರಿ ತೆಗೆದು, ಗಂಟಿನಲ್ಲಿದ್ದ ಮಾತ್ರೆಯನ್ನು ಅದರ ಬಾಯಿಗಿಟ್ಟು, ಒಂದೇ ಸಲ ಒತ್ತಿದಳು. ಪುಡಿ ಉದುರಲಿಲ್ಲ. ಅರ್ಧವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಉಳಿದ ಅರ್ಧವನ್ನು ಮೂರನೆಯ ಅರೆಯಲ್ಲಿ ಇಟ್ಟಳು.

“ಅದು ಯಾರಿಗೆ ಅಜ್ಜಿ?”

“ಅವಳಿಗೆ.”

“ಅವಳಿಲ್ಲ ಈಗ.”

“ಗೊತ್ತೈತೆ,” ಎಂದಳು. “ಗೊತ್ತಿದ್ದೇ ಇಟ್ಟೀನಿ. ದಿನಾ ಹಿಂಗೇ ಇಡ್ತೀನಿ. ನಿಂದು ಲೆಕ್ಕ ಸರಿ ಇರ್ತತಲ್ಲ, ಅಷ್ಟು ಸಾಕು.”

ಸಂಚಿಯ ದಾರ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಮೇಲೆ ಅವಳು ಹೊರಿಸಿದ ತಪ್ಪು ಇಷ್ಟೇ. ಆ ಮೇಲೆ ಇಂದಿನವರೆಗೂ ಇನ್ನೊಂದು ಮಾತು ಆಡಿಲ್ಲ.

ಆ ಸಂಜೆ ನಾನು ಜಗುಲಿಯ ಇನ್ನೊಂದು ತುದಿಯಲ್ಲಿ ಕೂತು ಬಹಳ ಸರಳವಾದ ಒಂದು ಭಾಗಾಕಾರ ಮಾಡಿದೆ. ಐದರ ಅರ್ಧ ಎರಡೂವರೆ. ಅದು ಅಜ್ಜಿಗೆ ಸಾಲುವುದಿಲ್ಲ. ಹತ್ತರ ಅರ್ಧ ಐದು. ಅದು ಅಜ್ಜಿಗೆ ಬೇಕಾದಷ್ಟೇ. ಎರಡು ತಿಂಗಳ ಹಿಂದೆ ಆ ಡಾಕ್ಟರು ಪೆನ್ನು ಕಾಗದದ ಮೇಲೆ ಇಟ್ಟಾಗ ನಾನು ಸುಮ್ಮನಿದ್ದಿದ್ದರೆ, ಹತ್ತು ಮಿಲಿಗ್ರಾಂ ಬರೆಸಿಕೊಂಡು ಬಂದು ಸಂಚಿಯಲ್ಲಿ ತುಂಬಿದ್ದರೆ, ಅಡಕತ್ತರಿ ತನ್ನ ಕೆಲಸ ತಾನು ಮಾಡುತ್ತಿತ್ತು. ಅಜ್ಜಿಯ ಬಿ.ಪಿ. ಇಳಿಯುತ್ತಿತ್ತು. ಎದುರಿಗೆ ಕೂತವಳಿಗೂ ಇಡೀ ಮಾತ್ರೆಯಷ್ಟು ಸೇರುತ್ತಿತ್ತು. ಡಾಕ್ಟರು ಡೋಸು ಸರಿಹೋಯಿತು ಎನ್ನುತ್ತಿದ್ದರು, ನಾನು ಲೆಕ್ಕ ಸರಿಯಾಗಿದೆ ಎನ್ನುತ್ತಿದ್ದೆ, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವಳು ಬದುಕಿಯೇ ಇರುತ್ತಿದ್ದಳು ಎಂದು ಹೇಳಲಾರೆ. ಇರುತ್ತಿರಲಿಲ್ಲ ಎಂದೂ ಹೇಳಲಾರೆ. ನೋಡದೆ ಕೊಡುವುದು ಅಪಾಯ ಎಂದು ಹೇಳಿದವಳು ನಾನೇ. ನೋಡಿಸಲು ಅವಳನ್ನು ಒಂದು ಬುಧವಾರ ಬಸ್ಸು ಹತ್ತಿಸಬಹುದಾಗಿತ್ತು. ಹಾಳೆ ಬರೆದು ಕೊಟ್ಟೆ.

ಮರುದಿನ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಚಳ್ಳಕೆರೆಗೆ ಹೋದೆ. ಕಾಲೇಜಿಗೆ ರಜೆ ಹೇಳಿ, ಡಾಕ್ಟರ ಬಾಗಿಲು ತೆರೆಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತೆ. ಅಜ್ಜಿ ಮಾತ್ರೆಯನ್ನು ಅರ್ಧ ಮಾಡಿಯೇ ನುಂಗುತ್ತಾಳೆ, ಬಿಡಿಸಲು ಆಗುವುದಿಲ್ಲ, ಹತ್ತರದ್ದು ಬರೆದುಕೊಟ್ಟರೆ ಅರ್ಧದಲ್ಲಿ ಐದು ಸೇರುತ್ತದೆ ಎಂದೆ. ಉಳಿದ ಅರ್ಧ ಏನಾಗುತ್ತದೆ ಎಂದು ಅವರು ಕೇಳಿದರು. ದಿನಾ ನಾನೇ ತೆಗೆದಿಡುತ್ತೇನೆ ಎಂದೆ. ಅವರು ಆಗಬಹುದು ಎಂದು ಬರೆದುಕೊಟ್ಟರು. ಮೆಡಿಕಲ್ ಶಾಪಿನಲ್ಲಿ ಕೊಂಡು, ಹತ್ತೂವರೆಗೆ ಊರಿಗೆ ಬಂದೆ. ಅಜ್ಜಿ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಳು, ಸಂಚಿ ಗೂಟದಲ್ಲಿ ನೇತಾಡುತ್ತಿತ್ತು. ಮೂರನೆಯ ಅರೆಯಿಂದ ಹಳೆಯ ಮಾತ್ರೆಗಳನ್ನು ತೆಗೆದು ಏಳು ಹೊಸ ಮಾತ್ರೆ ಹಾಕಿದೆ. ಹಿಂದಿನ ದಿನದ ಆ ಅರ್ಧವನ್ನು ಮಾತ್ರ ಅಲ್ಲೇ ಬಿಟ್ಟೆ.